ಹನ್ನೊಂದು ಮೂಟೆ ಚೀಟಿ

“ಬುದ್ಧೀ, ಕೇಳಿದ್ದಕ್ಕಿಂತ ಹೆಚ್ಚನ್ನೇ ಕೊಟ್ಟವನ ಮೇಲೆ ಮುಚ್ಚಿಟ್ಟ ಎಂಬ ಅಪವಾದ ಬರಬಹುದೇ?”

ಹೀಗೆ ಕೇಳಿದವನು ಮಠದ ದಾಸೋಹದ ಮನೆಯ ಉಸ್ತುವಾರಿ ನೋಡಿಕೊಳ್ಳುತ್ತಿದ್ದ ಶಿಷ್ಯ. ಅವನ ಕಂಕುಳಲ್ಲಿ ನಲವತ್ತು ಹಾಳೆಗಳ ಒಂದು ಕಟ್ಟಿತ್ತು.

ಹದಿನೈದು ದಿನದ ಹಿಂದೆ ಅಡುಗೆಯ ಕೊಟ್ರಮ್ಮನ ಕೈಯಿಂದ ಸಾರಿನ ಕೊಪ್ಪರಿಗೆ ಬಿದ್ದು ಅವಳ ಎರಡೂ ಪಾದ ಬೆಂದಿದ್ದವು. ಕೊಪ್ಪರಿಗೆಯ ಹಿಡಿಕೆ ಮೊದಲೇ ಸಡಿಲವಾಗಿತ್ತು ಎಂದು ಅವಳು ಹೇಳುತ್ತಿದ್ದಳು. ಅವಳೇ ಕೈಜಾರಿಸಿದಳು ಎಂದು ಉಳಿದವರು ಹೇಳುತ್ತಿದ್ದರು. ಅವಳನ್ನು ಇಟ್ಟುಕೊಳ್ಳುವುದೋ ಕಳಿಸುವುದೋ ಎಂದು ಮಠದ ಹಿರಿಯರು ಮರುದಿನ ಕೂತು ತೀರ್ಮಾನಿಸುವವರಿದ್ದರು. ನಿನಗೆ ಗೊತ್ತಿರುವುದನ್ನೆಲ್ಲ ಬರೆದು ತಾ ಎಂದು ಶಿಷ್ಯನಿಗೆ ಹೇಳಿದ್ದರು. ಅವನು ಬರೆದಿದ್ದ.

ಗುರುಗಳು ಕಟ್ಟಿನ ಕಡೆ ನೋಡಿದರು. ಆಮೇಲೆ ಶಿಷ್ಯನ ಮುಖ ನೋಡಿದರು.

“ನಲವತ್ತು ಹಾಳೆಯೇ! ಅಬ್ಬಬ್ಬಾ, ನಿನ್ನ ಕೈ ಬಿದ್ದುಹೋಗಲಿಲ್ಲವಲ್ಲ, ಅದೇ ದೊಡ್ಡದು. ಕೂತುಕೋ. ಕಟ್ಟನ್ನು ಕೆಳಗಿಡು ಮಾರಾಯ, ಅದನ್ನು ಯಾರೂ ಹೊತ್ತುಕೊಂಡು ಹೋಗುವುದಿಲ್ಲ. ಒಂದು ಕತೆ ಹೇಳುತ್ತೇನೆ, ಕೇಳು.”

ಗುರುಗಳು ಹೇಳಿದ ಕತೆ ಇದು.

ಗಣಿಯಿಂದ ದೊಡ್ಡ ಸ್ಟೇಷನ್ನಿಗೆ ಅದಿರು ಸಾಗಿಸುವ ಒಂದು ರೈಲು ಕಂಪನಿ ಇತ್ತು. ಸರ್ಕಾರದ್ದಲ್ಲ, ಖಾಸಗಿಯವರದು. ಅಲ್ಲಿ ಒಬ್ಬ ಪಾಯಿಂಟ್ಸ್‌ಮನ್ ಇದ್ದ. ಬಂದು ನಿಂತ ವ್ಯಾಗನ್ನಿಗೆ ಕೈಬ್ರೇಕ್ ಬಿಗಿದು, ಆಮೇಲೆ ಕೆಳಗಿಳಿದು ಹಳಿ ಬದಲಿಸುವುದು ಅವನ ಕೆಲಸ. ಹತ್ತೊಂಬತ್ತು ವರ್ಷ ಅದನ್ನೇ ಮಾಡಿದ್ದ. ಒಂದು ಬೆಳಿಗ್ಗೆ ಎಂದಿನಂತೆ ಬ್ರೇಕ್ ಬಿಗಿದ, ಹಳಿಗೆ ಇಳಿದ. ನಿಂತಿದ್ದ ವ್ಯಾಗನ್ ಇಳಿಜಾರಿನಲ್ಲಿ ತಾನಾಗಿ ಉರುಳಿತು. ಬಲಗಾಲು ಮೊಣಕಾಲಿನಿಂದ ಕೆಳಗೆ ಹೋಯಿತು.

ಆಸ್ಪತ್ರೆಯಿಂದ ಅವನು ಮನೆಗೆ ಬರುವ ಮೊದಲೇ ಕಂಪನಿಯ ಕಾಗದ ಬಂದು ಬಾಗಿಲಲ್ಲಿ ಕೂತಿತ್ತು. ಬ್ರೇಕ್ ಹಾಕದೆ ಹಳಿಗೆ ಇಳಿದದ್ದು ನೌಕರನ ಅಜಾಗರೂಕತೆ. ಆದ್ದರಿಂದ ಕೆಲಸದಿಂದ ತೆಗೆಯಲಾಗಿದೆ. ಕ್ವಾರ್ಟರ್ಸ್ ಖಾಲಿ ಮಾಡತಕ್ಕದ್ದು. ಇಷ್ಟೇ.

ಜೊತೆಗಾರರು ನೋಡಲು ಬಂದರು. “ಪಾಪ, ಏನೋ ಯೋಚನೆಯಲ್ಲಿ ಮರೆತಿರಬೇಕು,” ಎಂದು ಹೊರಗೆ ನಿಂತು ಮಾತಾಡಿಕೊಂಡರು. ಅದೂ ಹೋಗಲಿ ಅನ್ನು. ಒಂದು ದಿನ ಗಾಯಕ್ಕೆ ಪಟ್ಟಿ ಕಟ್ಟುತ್ತಾ ಹೆಂಡತಿ ಮೆಲ್ಲಗೆ ಕೇಳಿದಳು: “ನನ್ನ ಹತ್ತಿರವಾದರೂ ನಿಜ ಹೇಳಿ, ಬ್ರೇಕ್ ಹಾಕಿದ್ರಾ?”

ಕಾಲು ಕತ್ತರಿಸಿದಾಗ ಅವನು ಅತ್ತಿರಲಿಲ್ಲ. ಆವತ್ತು ಅತ್ತ. ಮರುದಿನವೇ ಊರುಗೋಲು ಹಿಡಿದು ವಕೀಲರ ಮನೆ ಹುಡುಕಿಕೊಂಡು ಹೋದ.

ಅವನ ಹತ್ತಿರ ಇದ್ದದ್ದು ಒಂದೇ ಒಂದು ಮಾತು. ರೈಲಿನವರು ಕೆಟ್ಟುಹೋದ ಗಾಡಿಗೆ ‘ಸಿಕ್’ ಅನ್ನುತ್ತಾರೆ. ಗಾಡಿಗಳನ್ನು ಪರೀಕ್ಷೆ ಮಾಡುವವನು ಎರಡು ಚೀಟಿ ಬರೆದು, ಒಂದನ್ನು ಗಾಡಿಗೆ ಅಂಟಿಸಿ, ಇನ್ನೊಂದನ್ನು ಕಚೇರಿಗೆ ಕಳಿಸುತ್ತಾನೆ. ಅದು ಸಿಕ್ ಚೀಟಿ. ಕಾಲು ಹೋಗುವ ಮೂರು ದಿನ ಮೊದಲು, ಆಮೇಲೆ ಉರುಳಿದ ಅದೇ ಇನ್ನೂರ ಹದಿನೇಳನೇ ನಂಬರಿನ ವ್ಯಾಗನ್ನಿನ ಮೇಲೆ ಅಂಥದೊಂದು ಹಳದಿ ಚೀಟಿಯನ್ನು ಪಾಯಿಂಟ್ಸ್‌ಮನ್ ಕಣ್ಣಾರೆ ಕಂಡಿದ್ದ. ಆ ಬೆಳಿಗ್ಗೆ ನೋಡಿದರೆ ಚೀಟಿ ಇರಲಿಲ್ಲ. ರಿಪೇರಿ ಆಗಿದೆ ಎಂದುಕೊಂಡ. ಗಾಡಿಯ ಮೇಲಿನ ಚೀಟಿಯನ್ನು ಯಾರು ಕಿತ್ತರೋ ಗೊತ್ತಿಲ್ಲ. ಕಚೇರಿಯ ಚೀಟಿ ಸಿಕ್ಕರೆ ಅವನ ಮಾತು ನಿಲ್ಲುತ್ತದೆ, ಸಿಗದಿದ್ದರೆ ಬಿದ್ದುಹೋಗುತ್ತದೆ.

ಕಚೇರಿಯ ಚೀಟಿಗಳನ್ನು ಹಾಜರುಪಡಿಸಿ ಎಂದು ನ್ಯಾಯಾಧೀಶರು ಕಂಪನಿಗೆ ಆಜ್ಞೆ ಮಾಡಿದರು. ಕಂಪನಿಯ ಪರವಾಗಿ ಕಚೇರಿಯ ಅಧಿಕಾರಿ ಬಂದ. ಒಳ್ಳೆಯ ಬಟ್ಟೆ, ಒಳ್ಳೆಯ ಮಾತು. ಮೊದಲ ವಾಯಿದೆಗೆ ಗುಮಾಸ್ತ ರಜೆಯಲ್ಲಿದ್ದಾನೆ ಎಂದ. ಎರಡನೆಯದಕ್ಕೆ ಬೀರುವಿನ ಬೀಗದ ಕೈ ಕಾಣುತ್ತಿಲ್ಲ ಎಂದ. ಮೂರನೆಯದಕ್ಕೆ ಒಂದು ಲಾರಿ ತುಂಬಾ ಚೀಟಿ ತಂದ. ಹನ್ನೊಂದು ಮೂಟೆ!

ಒಂದು ವರ್ಷದ್ದು ಕೇಳಿದ್ದರೆ ಏಳು ವರ್ಷದ್ದು ತಂದಿದ್ದ. ಅಷ್ಟೇ ಅಲ್ಲ. ರೈಲಿನವರ ಭಾಷೆಯಲ್ಲಿ ಕಾಯಿಲೆ ಬಿದ್ದ ಮನುಷ್ಯನೂ ‘ಸಿಕ್’. ಆಸ್ಪತ್ರೆಯವರು ಅವನಿಗೆ ಬರೆದುಕೊಡುವುದೂ ಸಿಕ್ ಚೀಟಿಯೇ. ಹೆಸರು ಒಂದೇ ನೋಡು! ಅಧಿಕಾರಿ ಗಾಡಿಗಳ ಚೀಟಿಯನ್ನೂ ಮನುಷ್ಯರ ಚೀಟಿಯನ್ನೂ ಕಲಸಿ, ಹಿಂದುಮುಂದು ಮಾಡಿ, ಮೂಟೆಗೆ ತುಂಬಿಸಿದ್ದ. “ಕಂಪನಿಯ ಹತ್ತಿರ ಇರುವ ಸಿಕ್ ಚೀಟಿಗಳನ್ನೆಲ್ಲ ಖುದ್ದಾಗಿ ಪರಿಶೀಲಿಸಿ ಹಾಜರುಪಡಿಸಿದ್ದೇನೆ,” ಎಂದು ಪ್ರಮಾಣಪತ್ರಕ್ಕೆ ಸಹಿ ಹಾಕಿದ.

ಇಲ್ಲಿ ಶಿಷ್ಯ ಬಾಯಿ ಹಾಕಿದ. “ಬುದ್ಧೀ, ಅವನು ಸುಳ್ಳು ಹೇಳಲಿಲ್ಲವಲ್ಲ?”

“ಹೇಳಿದ ಅಂತ ನಾನು ಅಂದೆನೇ? ಒಂದು ಸುಳ್ಳೂ ಇಲ್ಲ. ನಿನಗೆ ಯಾಕಪ್ಪ ಅವನ ಮೇಲೆ ಇಷ್ಟು ಕಾಳಜಿ? ಸುಮ್ಮನೆ ಕೇಳು,” ಎಂದು ಗುರುಗಳು ಮುಂದುವರಿಸಿದರು.

ಪಾಯಿಂಟ್ಸ್‌ಮನ್ನಿನ ವಕೀಲರಿಗೆ ವಯಸ್ಸಾಗಿತ್ತು, ಕಣ್ಣು ಮಂಜು. ಒಬ್ಬರೇ ಕೂತು ಒಂದು ತಿಂಗಳು ಹುಡುಕಿದರು. ಎರಡು ಮೂಟೆಯೂ ಮುಗಿಯಲಿಲ್ಲ. ಇತ್ತ ಕ್ವಾರ್ಟರ್ಸ್ ಖಾಲಿ ಮಾಡುವ ಗಡುವು ಹತ್ತಿರ ಬರುತ್ತಿತ್ತು. ಅವರು ಎದ್ದು ನಿಂತು, “ಸ್ವಾಮಿ, ಇದು ನನ್ನಿಂದ ಆಗುವ ಕೆಲಸವಲ್ಲ,” ಎಂದು ಕೈಮುಗಿದರು.

ನ್ಯಾಯಾಧೀಶರು ಅಧಿಕಾರಿಯನ್ನು ಕರೆದರು. “ಆ ವ್ಯಾಗನ್ನಿನ ಚೀಟಿ ಇದರಲ್ಲಿ ಇದೆಯೋ?”

“ಇದ್ದರೆ ಇದರಲ್ಲೇ ಇರುತ್ತದೆ, ಸ್ವಾಮಿ. ನಾವು ಒಂದನ್ನೂ ಉಳಿಸಿಕೊಂಡಿಲ್ಲ. ಕೇಳಿದ್ದಕ್ಕಿಂತ ಹೆಚ್ಚೇ ಕೊಟ್ಟಿದ್ದೇವೆ.”

“ಖುದ್ದಾಗಿ ಪರಿಶೀಲಿಸಿದ್ದೇನೆ ಎಂದು ಬರೆದಿದ್ದೀರಿ. ಅಂದರೆ ಎಲ್ಲವನ್ನೂ ಓದಿದ್ದೀರಿ.”

ಇಲ್ಲ ಎನ್ನುವ ಹಾಗಿಲ್ಲ. “ಓದಿದ್ದೇನೆ, ಸ್ವಾಮಿ.”

“ಒಳ್ಳೆಯದಾಯಿತು. ಹಾಗಾದರೆ ಇನ್ನೊಮ್ಮೆ ಓದಿ. ಇಲ್ಲೇ ನಿಂತು, ಎಲ್ಲರಿಗೂ ಕೇಳುವ ಹಾಗೆ. ನಾಳೆಯಿಂದ ದಿನಾ ಊಟದ ಬಿಡುವಿನ ನಂತರ. ಮುಗಿಯುವವರೆಗೂ ಓದಬೇಕು, ಮನೆ ಖಾಲಿ ಮಾಡುವ ಮಾತು ಅಲ್ಲಿಯವರೆಗೂ ನಿಲ್ಲಬೇಕು.”

ಕಂಪನಿಯ ವಕೀಲರು ಹಾರಾಡಿದರು. ಇಷ್ಟು ದೊಡ್ಡ ಅಧಿಕಾರಿಗೆ ಇದೇನು ಶಿಕ್ಷೆ ಎಂದರು. “ಶಿಕ್ಷೆ ಎಲ್ಲಿ ಬಂತು? ಅವರೇ ಓದಿ ಪರಿಚಯ ಇರುವ ಚೀಟಿಗಳು,” ಎಂದು ನ್ಯಾಯಾಧೀಶರು ಬೇರೆ ಕೇಸನ್ನು ಕೈಗೆ ತೆಗೆದುಕೊಂಡರು.

ಓದು ಶುರುವಾಯಿತು. ಕೋರ್ಟಿನ ಗುಮಾಸ್ತರು ಮೂಟೆಯಿಂದ ಒಂದೊಂದೇ ಚೀಟಿ ತೆಗೆದು ಕೊಡುವುದು, ಅಧಿಕಾರಿ ಓದುವುದು, ಅವರು ವಾಪಸ್ಸು ಇಸಿದುಕೊಳ್ಳುವುದು. ಹಾರಿಸಲು ದಾರಿ ಇರಲಿಲ್ಲ.

“ಗ್ಯಾಂಗ್‌ಮನ್ ಓಬಯ್ಯ. ಚಳಿಜ್ವರ. ನಾಲ್ಕು ದಿನ ಕೆಲಸಕ್ಕೆ ಕಳಿಸಬೇಡಿ.”

“ವ್ಯಾಗನ್ ತೊಂಬತ್ತೊಂದು. ಅಚ್ಚು ಕಾಯುತ್ತದೆ. ಕೆಲಸಕ್ಕೆ ಕಳಿಸಬೇಡಿ.”

“ಫೈರ್‌ಮನ್ ಮಕ್ಬೂಲ್. ಕಣ್ಣಿಗೆ ಕೆಂಡ ಸಿಡಿದದ್ದು. ಹತ್ತು ದಿನ.”

ಮೊದಲ ದಿನ ಅವನು ಪರೀಕ್ಷೆಗೆ ಬಾಯಿಪಾಠ ಒಪ್ಪಿಸುವವನ ಹಾಗೆ ಗಡಗಡ ಓದಿದ. ಕೋರ್ಟಿನಲ್ಲಿ ಓದುತ್ತಿದ್ದಾರೆ ಎಂಬ ಸುದ್ದಿ ಕ್ವಾರ್ಟರ್ಸಿಗೆ ಮುಟ್ಟಿತು. ಕೆಲಸವಿಲ್ಲದವರು ಬಂದು ಹಿಂದೆ ಕೂತರು. ತಮ್ಮ ಹೆಸರು ಬಂದಾಗ ನಕ್ಕರು. ಒಂದು ಹೆಸರು ಬಂದಾಗ ಒಬ್ಬ ಹೆಂಗಸು ಎದ್ದು ನಿಂತಳು. “ಅದು ನಮ್ಮ ಯಜಮಾನರದು, ಸ್ವಾಮಿ. ಎದೆನೋವು ಅಂತ ಬರೆದಿದೆಯಲ್ಲ, ಆಮೇಲೆ ಅವರು ಏಳಲೇ ಇಲ್ಲ,” ಎಂದಳು. ಅಧಿಕಾರಿ ಆ ಚೀಟಿಯನ್ನು ಗುಮಾಸ್ತರ ಕೈಗೆ ಕೊಡಲು ಸ್ವಲ್ಪ ತಡಮಾಡಿದ.

ನಾಲ್ಕನೆಯ ದಿನ, “ಪಾಯಿಂಟ್ಸ್‌ಮನ್ ಪಾಲಯ್ಯ. ಬಲಗಾಲು ಉಳುಕು. ಒಂದು ದಿನ,” ಎಂದು ಓದಿದ. ಊರುಗೋಲು ಹಿಡಿದು ಮುಂದಿನ ಬೆಂಚಿನಲ್ಲಿ ಕೂತಿದ್ದ ನಮ್ಮ ಪಾಯಿಂಟ್ಸ್‌ಮನ್ ಜೋರಾಗಿ ನಕ್ಕುಬಿಟ್ಟ. “ಅದೇ ಕಾಲು ಸ್ವಾಮಿ, ಅದೇ ಕಾಲು! ಆವಾಗ ಉಳುಕಿತ್ತು, ಈಗ ಆ ತಾಪತ್ರಯವೇ ಇಲ್ಲ,” ಎಂದ. ಯಾರೂ ನಗಲಿಲ್ಲ.

ದಿನ ಹೋದಂತೆ ಅಧಿಕಾರಿಯ ಓದು ನಿಧಾನವಾಯಿತು. ಗಂಟಲು ಕಟ್ಟಿದ್ದು ಒಂದು ಕಾರಣ. ಇನ್ನೊಂದು ಕಾರಣವೂ ಇತ್ತು. ಹದಿನಾರು ವರ್ಷ ಆ ಕಚೇರಿಯಲ್ಲಿ ಕೂತಿದ್ದ ಅವನು ಇಷ್ಟು ಜನರ ಜ್ವರ, ಬೆನ್ನು, ಕಣ್ಣು, ಕೈಕಾಲಿನ ಸಂಗತಿಯನ್ನು ಒಂದು ದಿನವೂ ಕೇಳಿದವನಲ್ಲ. ಈಗ ತನ್ನ ಬಾಯಿಂದಲೇ ಕೇಳುತ್ತಿದ್ದ.

ಮೂರನೆಯ ತಿಂಗಳಲ್ಲಿ ಒಂದು ದಿನ ಏಳನೆಯ ಮೂಟೆ ಬಿಚ್ಚಿದರು. ಅಧಿಕಾರಿ ಕರವಸ್ತ್ರ ತೆಗೆದು ಮುಖ ಒರೆಸಿಕೊಂಡ. ಮೂಟೆ ಅರ್ಧಕ್ಕೆ ಬಂದಾಗ ಗುಮಾಸ್ತರು ಒಂದು ಹಳದಿ ಚೀಟಿ ಕೊಟ್ಟರು. ಅಧಿಕಾರಿ ಅದನ್ನು ನೋಡಿದ. ಬಾಯಿ ತೆರೆದ. ಮಾತು ಬರಲಿಲ್ಲ.

ಪಾಯಿಂಟ್ಸ್‌ಮನ್ನಿಗೆ ಓದಲು ಬರುತ್ತಿರಲಿಲ್ಲ. ಆದರೆ ಆ ಮೌನ ಅವನಿಗೆ ಅರ್ಥವಾಯಿತು. ಊರುಗೋಲು ಊರಿ ಎದ್ದು ನಿಂತ.

“ಓದಿ,” ಎಂದರು ನ್ಯಾಯಾಧೀಶರು.

“ವ್ಯಾಗನ್ ಇನ್ನೂರ ಹದಿನೇಳು. ಕೈಬ್ರೇಕ್ ಹಿಡಿಯುವುದಿಲ್ಲ. ಕೆಲಸಕ್ಕೆ ಕಳಿಸಬೇಡಿ.”

“ಕೆಳಗೆ ಬೇರೆ ಶಾಯಿಯಲ್ಲಿ ಏನೋ ಬರೆದ ಹಾಗಿದೆ.”

“ಅದಿರು ತುರ್ತು. ಚೀಟಿ ತೆಗೆದು ಗಾಡಿ ಕಳಿಸಿ.”

“ಸಹಿ ಯಾರದು?”

“ನನ್ನದು, ಸ್ವಾಮಿ.”

ಪಾಯಿಂಟ್ಸ್‌ಮನ್ ನ್ಯಾಯಾಧೀಶರ ಕಡೆ ನೋಡಲಿಲ್ಲ, ಅಧಿಕಾರಿಯ ಕಡೆಯೂ ನೋಡಲಿಲ್ಲ. ಹಿಂದಕ್ಕೆ ತಿರುಗಿ, ಜನರ ನಡುವೆ ಕೂತಿದ್ದ ಹೆಂಡತಿಯನ್ನು ಹುಡುಕಿದ. “ಹಾಕಿದ್ದೆ ಕಣೇ,” ಎಂದ. “ನಾನು ಬ್ರೇಕ್ ಹಾಕಿದ್ದೆ.” ಅವಳು ಸೆರಗನ್ನು ಬಾಯಿಗೆ ಒತ್ತಿಕೊಂಡು ಬಿಕ್ಕಿ ಬಿಕ್ಕಿ ಅತ್ತಳು.

ಕಂಪನಿಯ ವಕೀಲರು ಆಗಲೂ ಎದ್ದರು. “ಸ್ವಾಮಿ, ಚೀಟಿಯನ್ನು ನಾವು ಮುಚ್ಚಿಡಲಿಲ್ಲ, ನಾವೇ ತಂದು ಕೊಟ್ಟದ್ದು,” ಎಂದರು.

“ಸಿಗಲಿ ಎಂದು ಕೊಡುವುದು ಬೇರೆ, ಸಿಗದಿರಲಿ ಎಂದು ಕೊಡುವುದು ಬೇರೆ,” ಎಂದರು ನ್ಯಾಯಾಧೀಶರು. “ನೀವು ಎರಡನೆಯದನ್ನು ಮಾಡಿದಿರಿ. ನೌಕರ ಅಜಾಗರೂಕ ಎಂಬ ಮಾತನ್ನು ಇನ್ನು ಈ ಕೋರ್ಟಿನಲ್ಲಿ ಕಂಪನಿ ಆಡುವಂತಿಲ್ಲ. ನೀವು ಕೋರ್ಟಿಗೆ ಬರೆದುಕೊಟ್ಟ ಉತ್ತರದಿಂದ ಅದನ್ನು ಹೊಡೆದುಹಾಕಿದ್ದೇನೆ. ಅವನ ನೌಕರಿಯ ಪುಸ್ತಕದಲ್ಲಿಯೂ ಅದನ್ನು ಈ ಅಧಿಕಾರಿಯೇ ತಮ್ಮ ಕೈಯಾರೆ ಹೊಡೆದುಹಾಕಿ, ಯಾಕೆ ಎಂದು ಪಕ್ಕದಲ್ಲಿ ಬರೆಯಬೇಕು.”

ಆ ಮಾತು ಹೋದ ಮೇಲೆ ಕಂಪನಿಯ ಹತ್ತಿರ ಹೇಳಲು ಬೇರೇನೂ ಉಳಿಯಲಿಲ್ಲ. ಕೇಸು ಪಾಯಿಂಟ್ಸ್‌ಮನ್ನಿನ ಕಡೆ ಆಯಿತು. ಮನೆ ಉಳಿಯಿತು, ಕೂತು ಮಾಡುವ ಕೆಲಸ ಸಿಕ್ಕಿತು. ಅಧಿಕಾರಿ ಪುಸ್ತಕದಲ್ಲಿ ಬರೆದ. ಅದಕ್ಕೆ ಒಂದು ಸಾಲು ಸಾಕಾಯಿತಂತೆ.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯ ನೆಲದ ಮೇಲಿನ ಕಟ್ಟನ್ನು ತನ್ನ ಹತ್ತಿರಕ್ಕೆ ಎಳೆದುಕೊಂಡ.

“ಆದರೂ ಬುದ್ಧೀ,” ಎಂದ, “ನಾನು ಬರೆದದ್ದು ಬೇರೆ. ಪಾತ್ರೆಗಳ ಪಟ್ಟಿ ಇದೆ, ಸೌದೆಯ ವಿವರ ಇದೆ, ಯಾವ ದಿನ ಯಾವ ಅಡುಗೆ ಎಂಬುದೂ ಇದೆ. ಕೊಪ್ಪರಿಗೆ ಬೀಳುವ ಮೊದಲು ಕೊಟ್ರಮ್ಮ ನನ್ನ ಹತ್ತಿರ ಬಂದು ಆಡಿದ ಮಾತುಗಳೂ ಇವೆ. ಒಂದನ್ನೂ ಬಿಟ್ಟಿಲ್ಲ.”

ಗುರುಗಳು ಕಟ್ಟನ್ನು ಮುಟ್ಟಲಿಲ್ಲ. ಕೈ ಚಾಚಿ ಶಿಷ್ಯನ ಭುಜದ ಮೇಲಿಟ್ಟರು.

“ಆ ಹಿಡಿಕೆ ಎಷ್ಟನೆಯ ಹಾಳೆಯಲ್ಲಿದೆ, ಮಗು?”