ಲೋಟದ ಹಿಂದೆ ಬಂದ ಮಳೆ

ಬಾಯಾರಿದವರು ಮುಂದೆ ಕೂಡ್ರಿ. ನೀರು ಕುಡಿದು ಬಂದವರು ಹಿಂದೆ ಕೂಡ್ರಿ. ಕಥೆ ಮುಂದಿನವರದು. ಹಿಂದಿನವರೂ ಕೇಳಬಹುದು.

ಉಪ್ಪಿನಬಾವಿ ಅಂತ ಒಂದು ಊರು. ಅಲ್ಲಿ ಬಾವಿಯ ನೀರು ಸವುಳು. ಬೋರಿನ ನೀರೂ ಸವುಳು. ಬಾಯಿಗೆ ಹಾಕಿದರೆ ಥೂ ಅನ್ನಬೇಕು, ಅಷ್ಟು ಉಪ್ಪು. ಮಳೆಯ ನೀರು ಮಾತ್ರ ಸಿಹಿ.

ಆ ಊರಲ್ಲಿ ಒಂದು ಶಾಲೆ. ಶಾಲೆಯಲ್ಲಿ ಒಂದು ಸ್ಟೀಲಿನ ಲೋಟ. ಮಳೆ ಬಂದರೆ ಮಾಳಿಗೆಯಿಂದ ನೀರು ಧೋ ಎಂದು ಬೀಳುತ್ತಿತ್ತು. ಕೆಳಗೆ ಕೊಡ ಇಡುತ್ತಿದ್ದರು. ಮಾಳಿಗೆಯಿಂದ ಕೊಡಕ್ಕೆ. ಕೊಡದಿಂದ ಲೋಟಕ್ಕೆ. ಲೋಟದಿಂದ ಹುಲಿಗೆವ್ವನ ಬಾಯಿಗೆ. ಹುಲಿಗೆವ್ವ ಒಂದನೇ ಕ್ಲಾಸು. ಶಾಲೆಗೆಲ್ಲ ಅವಳೇ ಗಿಡ್ಡಿ.

ಆಮೇಲೆ ಶಾಲೆಗೆ ದೊಡ್ಡ ತೊಟ್ಟಿ ಕಟ್ಟಿದರು. ಮಳೆ ನೀರಿನ ತೊಟ್ಟಿ. ಮಾಳಿಗೆಯಿಂದ ಪೈಪು ಇಳಿಸಿದರು. "ಇನ್ನು ಕೊಡ ಯಾಕೆ?" ಅಂದರು. ಕೊಡ ಎತ್ತಿಟ್ಟರು.

ಒಂದು ದಿನ ಜೋರು ಮಳೆ ಬಂತು. ಮರುದಿನ ಬೆಳಿಗ್ಗೆ ಲೋಟ ಖಾಲಿ.

ಹುಲಿಗೆವ್ವ ಲೋಟದೊಳಗೆ ಇಣುಕಿದಳು. ಬೋರಲು ಹಾಕಿ ತಟ್ಟಿದಳು. ಒಂದು ಹನಿಯೂ ಬೀಳಲಿಲ್ಲ.

"ಗಂಟಲು ಒಣಗೈತಿ ಲೋಟ. ನೀರೆಲ್ಲಿ?"

ಲೋಟಕ್ಕೆ ತಿಳಿಯಲಿಲ್ಲ. ಕೊಡ ಇದ್ದಾಗ ನೀರಿತ್ತು. ತೊಟ್ಟಿ ಬಂತು, ನೀರು ಹೋಯಿತು. ಇದೆಂಥ ಲೆಕ್ಕ?

"ಇಲ್ಲೇ ಕೂಡು. ಕೇಳಿಕೊಂಡು ಬರ್ತೀನಿ" ಅಂದಿತು ಲೋಟ. ಟಣ್ ಟಣ್ ಟಣ್ ಎಂದು ಹೊರಟಿತು.

ತೊಟ್ಟಿಯ ಹತ್ತಿರ ಹೋಯಿತು.

"ತೊಟ್ಟಿ, ತೊಟ್ಟಿ, ನೀರು ಕೊಡು. ಲೋಟ ಖಾಲಿ, ಹುಲಿಗೆವ್ವನ ಗಂಟಲು ಒಣಗೈತಿ."

"ನನ್ನ ಹೊಟ್ಟೆ ನೋಡು" ಅಂದಿತು ತೊಟ್ಟಿ. "ಒಳಗೆ ಜೇಡ ಬಲೆ ಕಟ್ಟೈತಿ. ಪೈಪನ್ನ ಕೇಳು."

ಟಣ್ ಟಣ್ ಟಣ್. ಪೈಪಿನ ಹತ್ತಿರ ಹೋಯಿತು.

"ಪೈಪು, ಪೈಪು, ನೀರು ಬಿಡು. ತೊಟ್ಟಿ ತುಂಬಲೊಲ್ಲದು, ಲೋಟ ಖಾಲಿ, ಹುಲಿಗೆವ್ವನ ಗಂಟಲು ಒಣಗೈತಿ."

"ನನಗೆ ಮೊಣಕೈ ಎಲ್ಲೈತಿ?" ಅಂದಿತು ಪೈಪು. ಮೊಣಕೈ ಅಂದರೆ ಬಾಗಿದ ತುಂಡು. ಅದು ಇದ್ದರೆ ಪೈಪು ತೊಟ್ಟಿಯ ಕಡೆ ತಿರುಗುತ್ತದೆ. "ಅದನ್ನ ಜವಾನ ಬಿಚ್ಚಿಕೊಂಡು ಹೋದ. ನಿನ್ನೆ ಬಂದ ನೀರೆಲ್ಲ ಗಟಾರಕ್ಕೆ ಹೋಯ್ತು. ಜವಾನನ್ನ ಕೇಳು."

ಟಣ್ ಟಣ್ ಟಣ್. ಜವಾನ ಸಣ್ಣೀರಪ್ಪ ಗಂಟೆಯ ಕೆಳಗೆ ಕೂತಿದ್ದ. ಮೊಣಕೈ ಅವನ ಚೀಲದಲ್ಲಿತ್ತು.

"ಸಣ್ಣೀರಪ್ಪ, ಸಣ್ಣೀರಪ್ಪ, ಮೊಣಕೈ ಕೊಡು. ಪೈಪು ನೀರು ಬಿಡಲೊಲ್ಲದು, ತೊಟ್ಟಿ ತುಂಬಲೊಲ್ಲದು, ಲೋಟ ಖಾಲಿ, ಹುಲಿಗೆವ್ವನ ಗಂಟಲು ಒಣಗೈತಿ."

"ಕೊಟ್ಟೆ ಅಂತ ತಿಳಿ. ನನ್ನ ನೌಕರಿ ಹೋಯ್ತು ಅಂತ ತಿಳಿ" ಅಂದ ಸಣ್ಣೀರಪ್ಪ. "ಮೊದಲು ತೊಟ್ಟಿಗೆ ಹೆಸರಿನ ಕಲ್ಲು ಕೂಡ್ರಬೇಕು. ಉದ್ಘಾಟನೆ ಆಗಬೇಕು. ಅದಕ್ಕೂ ಮುಂಚೆ ನೀರು ಬಿದ್ದರೆ ತೊಟ್ಟಿ ಹಳೇದಾಗ್ತೈತಿ. ಕಲ್ಲುಕುಟಿಗನ್ನ ಕೇಳು."

ನೀರು ಬಿದ್ದರೆ ತೊಟ್ಟಿ ಹಳೆಯದೇ? ಲೋಟಕ್ಕೆ ತಿಳಿಯಲಿಲ್ಲ. ಟಣ್ ಟಣ್ ಟಣ್.

ಕಲ್ಲುಕುಟಿಗ ಮೌನೇಶ ಉಳಿ ಮಸೆಯುತ್ತಿದ್ದ. ಪಕ್ಕದಲ್ಲಿ ನುಣುಪು ಕಲ್ಲು. ಅದರ ಮೇಲೆ ಪಂಚಾಯಿತಿ ಅಧ್ಯಕ್ಷನ ದೊಡ್ಡ ಹೆಸರು.

"ಮೌನೇಶ, ಮೌನೇಶ, ಕಲ್ಲು ಕೊಡು. ಜವಾನ ಮೊಣಕೈ ಕೊಡಲೊಲ್ಲ, ಪೈಪು ನೀರು ಬಿಡಲೊಲ್ಲದು, ತೊಟ್ಟಿ ತುಂಬಲೊಲ್ಲದು, ಲೋಟ ಖಾಲಿ, ಹುಲಿಗೆವ್ವನ ಗಂಟಲು ಒಣಗೈತಿ."

"ಹೆಸರು ಕೆತ್ತಿ ತಿಂಗಳಾಯ್ತು" ಅಂದ ಮೌನೇಶ. "ತಾರೀಖು ಯಾವುದಂತ ಯಾರೂ ಹೇಳವಲ್ಲರು. ಅಧ್ಯಕ್ಷನ್ನ ಕೇಳು."

ಟಣ್ ಟಣ್ ಟಣ್. ಪಂಚಾಯಿತಿ ಅಧ್ಯಕ್ಷ ಪರ್ವತಗೌಡ ಕಟ್ಟೆಯ ಮೇಲೆ ಕೂತಿದ್ದ. ಅವನ ಮನೆಗೂ ಮಾಳಿಗೆ ಇತ್ತು. ಮಾಳಿಗೆಯಿಂದ ಪೈಪು. ಪೈಪಿಗೆ ಮೊಣಕೈ. ಮೊಣಕೈ ಕೆಳಗೆ ತೊಟ್ಟಿ. ತೊಟ್ಟಿ ತುಂಬಿ ತುಳುಕುತ್ತಿತ್ತು.

"ಗೌಡರೆ, ಗೌಡರೆ, ತಾರೀಖು ಹೇಳ್ರಿ. ಕಲ್ಲುಕುಟಿಗ ಕಲ್ಲು ಕೊಡಲೊಲ್ಲ, ಜವಾನ ಮೊಣಕೈ ಕೊಡಲೊಲ್ಲ, ಪೈಪು ನೀರು ಬಿಡಲೊಲ್ಲದು, ತೊಟ್ಟಿ ತುಂಬಲೊಲ್ಲದು, ಲೋಟ ಖಾಲಿ, ಹುಲಿಗೆವ್ವನ ಗಂಟಲು ಒಣಗೈತಿ."

"ಶಾಮಿಯಾನ ಹಾಕಿದ ದಿನವೇ ತಾರೀಖು" ಅಂದ ಅಧ್ಯಕ್ಷ. "ನಾನು ಬಯಲಾಗ ನಿಂತು ಭಾಷಣ ಮಾಡ್ಲೇನು? ಶಾಮಿಯಾನದವನ್ನ ಕೇಳು."

"ನಿಮ್ಮ ತೊಟ್ಟಿಗೆ ಹೆಸರಿನ ಕಲ್ಲು ಇಲ್ಲವಲ್ರಿ?"

"ಅದು ಮನೇದು. ಇದು ಊರಿಂದು. ನಿನಗೆ ತಿಳಿಯಂಗಿಲ್ಲ."

ಲೋಟಕ್ಕೆ ತಲೆಯೇ ಇಲ್ಲ. ಆದರೂ ತಲೆ ತಿರುಗಿತು. ಟಣ್ ಟಣ್ ಟಣ್.

ಶಾಮಿಯಾನದ ಖಾಜಾಸಾಬ ಬಣ್ಣದ ಬಟ್ಟೆ ಮಡಚುತ್ತಿದ್ದ.

"ಖಾಜಾಸಾಬ, ಖಾಜಾಸಾಬ, ಶಾಮಿಯಾನ ಹಾಕು. ಅಧ್ಯಕ್ಷ ತಾರೀಖು ಹೇಳಲೊಲ್ಲ, ಕಲ್ಲುಕುಟಿಗ ಕಲ್ಲು ಕೊಡಲೊಲ್ಲ, ಜವಾನ ಮೊಣಕೈ ಕೊಡಲೊಲ್ಲ, ಪೈಪು ನೀರು ಬಿಡಲೊಲ್ಲದು, ತೊಟ್ಟಿ ತುಂಬಲೊಲ್ಲದು, ಲೋಟ ಖಾಲಿ, ಹುಲಿಗೆವ್ವನ ಗಂಟಲು ಒಣಗೈತಿ."

"ಈ ಮಳೆಗಾಲದಾಗ?" ಅಂದ ಖಾಜಾಸಾಬ. "ಬಟ್ಟೆ ತೊಯ್ದರೆ ಬಣ್ಣ ಬಿಡ್ತೈತಿ. ಮಳೆ ಪೂರ್ತಿ ನಿಂತ ಮೇಲೆ ಹಾಕ್ತೀನಿ. ಮಳೆಗೆ ಹೇಳು."

ಟಣ್ ಟಣ್ ಟಣ್. ಮಳೆ ಊರ ಹೊರಗೆ, ಗುಡ್ಡದ ಮೇಲೆ, ಕಪ್ಪಗೆ ಕೂತಿತ್ತು.

"ಮಳೆ, ಮಳೆ, ನಿಂತುಬಿಡು. ಖಾಜಾಸಾಬ ಶಾಮಿಯಾನ ಹಾಕಲೊಲ್ಲ, ಅಧ್ಯಕ್ಷ ತಾರೀಖು ಹೇಳಲೊಲ್ಲ, ಕಲ್ಲುಕುಟಿಗ ಕಲ್ಲು ಕೊಡಲೊಲ್ಲ, ಜವಾನ ಮೊಣಕೈ ಕೊಡಲೊಲ್ಲ, ಪೈಪು ನೀರು ಬಿಡಲೊಲ್ಲದು, ತೊಟ್ಟಿ ತುಂಬಲೊಲ್ಲದು, ಲೋಟ ಖಾಲಿ, ಹುಲಿಗೆವ್ವನ ಗಂಟಲು ಒಣಗೈತಿ."

ಮಳೆ ಕೇಳಿತು. ಮತ್ತೊಮ್ಮೆ ಹೇಳು ಅಂದಿತು. ಲೋಟ ಮತ್ತೊಮ್ಮೆ ಎಲ್ಲ ಹೇಳಿತು.

"ನಾ ನಿಂತರೆ ನಿನಗೆ ನೀರು ಎಲ್ಲಿಂದ?"

"ತೊಟ್ಟಿಯಿಂದ."

"ತೊಟ್ಟಿಗೆ ಎಲ್ಲಿಂದ?"

"ಪೈಪಿನಿಂದ."

"ಪೈಪಿಗೆ?"

"ಮಾಳಿಗೆಯಿಂದ."

"ಮಾಳಿಗೆಗೆ?"

"ನಿನ್ನಿಂದ."

ಮಳೆ ಬರಬೇಕು ಅಂದರೆ ಮಳೆ ನಿಲ್ಲಬೇಕು. ಮಳೆ ನಿಂತರೆ ಮಳೆ ಇಲ್ಲ. ಲೋಟ ಒಂದು ಸುತ್ತು ತಿರುಗಿತು. ಇನ್ನೊಂದು ಸುತ್ತು ತಿರುಗಿತು. ತಿಳಿಯಲೇ ಇಲ್ಲ.

"ಹೋಗಲಿ, ಒಂದು ಲೋಟ ನೀರು ಇಲ್ಲೇ ಹಾಕು" ಅಂದಿತು. "ಹುಲಿಗೆವ್ವನಿಗೆ ಒಯ್ತೀನಿ."

"ಶಾಲೆಯಾಗ ಎಷ್ಟು ಮಕ್ಕಳು?"

"ನಲವತ್ತು."

"ಹುಲಿಗೆವ್ವ ಕುಡೀತಾಳ. ಮೂವತ್ತೊಂಬತ್ತು ಮಂದಿ ಅವಳ ಬಾಯಿ ನೋಡ್ತಾರ. ಅದು ಬೇಡ. ನಡಿ, ನಾನೇ ಬರ್ತೀನಿ."

ಲೋಟ ಮುಂದೆ ಟಣ್ ಟಣ್. ಮಳೆ ಹಿಂದೆ ಪಟ ಪಟ.

ಇಬ್ಬರೂ ಖಾಜಾಸಾಬನ ಬಾಗಿಲಿಗೆ ಬಂದರು.

"ನಾ ನಿಲ್ಲಂಗಿಲ್ಲ" ಅಂದಿತು ಮಳೆ. "ನಾ ನಿಂತ ಮೇಲೆ ತೊಟ್ಟಿ ತಗೊಂಡು ಏನು ಮಾಡ್ತೀ?"

ಖಾಜಾಸಾಬ ಗಡ್ಡ ಕೆರೆದುಕೊಂಡ. "ಖರೆ. ನನ್ನ ಮಗಳೂ ಅದೇ ಶಾಲೆಗೆ ಹೋಗ್ತಾಳ. ಶಾಮಿಯಾನ ಬೇಡ, ಬಿಡು." ಬಟ್ಟೆ ಪೆಟ್ಟಿಗೆಗೆ ಹಾಕಿ ತಾನೂ ಹೊರಟ.

ಮುಂದೆ ಲೋಟ. ಲೋಟದ ಹಿಂದೆ ಮಳೆ. ಮಳೆಯ ಹಿಂದೆ ಖಾಜಾಸಾಬ. ಅಧ್ಯಕ್ಷನ ಕಟ್ಟೆಗೆ ಬಂದರು.

"ಶಾಮಿಯಾನ ಇಲ್ಲ" ಅಂದ ಖಾಜಾಸಾಬ.

"ಹಂಗಾದರೆ ತಾರೀಖೂ ಇಲ್ಲ" ಅಂದ ಅಧ್ಯಕ್ಷ.

"ಗೌಡ" ಅಂದಿತು ಮಳೆ. "ನಿನ್ನ ಮನೆ ತೊಟ್ಟಿ ತುಂಬುವಾಗ ನಾನು ತಾರೀಖು ಕೇಳಿದ್ನೇನು? ಶಾಲೆ ತೊಟ್ಟಿಗೆ ಇಲ್ಲದ ನೀರು ನಿನ್ನ ತೊಟ್ಟಿಗೂ ಇಲ್ಲ. ನಾಳೆಯಿಂದ ನಿನ್ನ ಮಾಳಿಗೆ ಬಿಟ್ಟು ಸುತ್ತ ಸುರೀತೀನಿ."

ಅಧ್ಯಕ್ಷ ಮಾಳಿಗೆ ನೋಡಿದ. ತೊಟ್ಟಿ ನೋಡಿದ. ಬಾವಿಯ ಸವುಳು ನೀರು ನೆನೆದ. ನೆನೆದೇ ಮುಖ ಕಿವುಚಿದ.

"ಇವತ್ತೇ ತಾರೀಖು" ಅಂದ.

ಮುಂದೆ ಲೋಟ. ಲೋಟದ ಹಿಂದೆ ಮಳೆ. ಮಳೆಯ ಹಿಂದೆ ಖಾಜಾಸಾಬ. ಖಾಜಾಸಾಬನ ಹಿಂದೆ ಛತ್ರಿ ಹಿಡಿದ ಅಧ್ಯಕ್ಷ. ಮೌನೇಶನ ಅಂಗಳಕ್ಕೆ ಬಂದರು.

"ಇವತ್ತೇ?" ಅಂದ ಮೌನೇಶ. "ನಾ ಕೆತ್ತಿ ಮುಗಿಸೋದರಾಗ ನಾಳೆ ಆಗ್ತೈತಿ. ನಾಳೆ ಅಂತ ಕೆತ್ತಿದರೆ ನಾಡಿದ್ದು ಆಗ್ತೈತಿ. ಹಂಗೇ ಒಯ್ಯೋಣ ನಡೀರಿ." ಕಲ್ಲನ್ನು ಸೈಕಲ್ಲಿಗೆ ಕಟ್ಟಿದ.

ಮುಂದೆ ಲೋಟ. ಲೋಟದ ಹಿಂದೆ ಮಳೆ. ಮಳೆಯ ಹಿಂದೆ ಖಾಜಾಸಾಬ. ಖಾಜಾಸಾಬನ ಹಿಂದೆ ಅಧ್ಯಕ್ಷ. ಅಧ್ಯಕ್ಷನ ಹಿಂದೆ ಮೌನೇಶನ ಸೈಕಲ್ಲು. ಶಾಲೆಗೆ ಬಂದರು.

ಸಣ್ಣೀರಪ್ಪ ಕಲ್ಲು ನೋಡಿದ. ಚೀಲದಿಂದ ಮೊಣಕೈ ತೆಗೆದ.

"ತಡಿ" ಅಂದ. "ಮೊದಲ ನೀರು ಮಾಳಿಗೆ ತೊಳೀತೈತಿ. ಕಾಗೆ ಹೇಲು, ಧೂಳು ಎಲ್ಲ ಗಟಾರಕ್ಕೆ ಹೋಗಲಿ." ತೊಟ್ಟಿಯ ಜೇಡರಬಲೆಯನ್ನೂ ಗುಡಿಸಿದ.

ಮಳೆ ಮಾಳಿಗೆ ತೊಳೆಯಿತು. ಕೆಂಪು ನೀರು ಹೋಯಿತು. ತಿಳಿ ನೀರು ಬಂತು. ಸಣ್ಣೀರಪ್ಪ ಮೊಣಕೈ ತಿರುವಿದ. ಗಕ್ ಅಂತ ಕೂತಿತು.

ಮಳೆ ಮಾಳಿಗೆಗೆ ಕೊಟ್ಟಿತು, ಮಾಳಿಗೆ ಪೈಪಿಗೆ ಕೊಟ್ಟಿತು, ಪೈಪು ಮೊಣಕೈಗೆ ಕೊಟ್ಟಿತು, ಮೊಣಕೈ ತೊಟ್ಟಿಗೆ ಕೊಟ್ಟಿತು, ತೊಟ್ಟಿ ನಲ್ಲಿಗೆ ಕೊಟ್ಟಿತು.

ಹುಲಿಗೆವ್ವ ಲೋಟ ಹಿಡಿದು ಓಡಿದಳು. ಕೈ ಚಾಚಿದಳು. ತುದಿಗಾಲಲ್ಲಿ ನಿಂತಳು. ನಲ್ಲಿ ಎಟುಕಲಿಲ್ಲ.

ಮೌನೇಶ ಸೈಕಲ್ಲಿನಿಂದ ಕಲ್ಲು ಇಳಿಸಿದ. ನಲ್ಲಿಯ ಕೆಳಗೆ ಹಾಕಿದ.

"ಹೆಸರು ಮೇಲೆ ಬರಲೇನು, ಕೆಳಗೆ ಇರಲೇನು?" ಅಂತ ಕೇಳಿದ.

"ಮೇಲೆ" ಅಂದ ಅಧ್ಯಕ್ಷ.

"ಸರಿ" ಅಂದ ಮೌನೇಶ.

ಹುಲಿಗೆವ್ವ ಹೆಸರಿನ ಮೇಲೆ ಎರಡೂ ಕಾಲಿಟ್ಟು ನಿಂತಳು. ನಲ್ಲಿ ತಿರುವಿದಳು. ಲೋಟ ತುಂಬಿತು. ಈಗ ಅದು ಟಣ್ ಅನ್ನಲಿಲ್ಲ. ಗುಟಕ್, ಗುಟಕ್, ಗುಟಕ್ ಅಂದಿತು.

ಅವಳ ಹಿಂದೆ ಮೂವತ್ತೊಂಬತ್ತು ಮಕ್ಕಳ ಸಾಲು. ಎಲ್ಲರೂ ಕಲ್ಲು ಹತ್ತಿದರು. ಎಲ್ಲರೂ ಕುಡಿದರು. ಮರುದಿನವೂ ಹತ್ತಿದರು. ಅದರ ಮರುದಿನವೂ ಹತ್ತಿದರು. ತುಳಿದು ತುಳಿದು ಅಕ್ಷರ ಸವೆದವು. ಈಗ ಆ ಕಲ್ಲಿನ ಮೇಲೆ ಯಾರ ಹೆಸರಿತ್ತೋ, ಯಾರಿಗೂ ಓದಲು ಬರುವುದಿಲ್ಲ.

ಕಥೆ ಇಷ್ಟೇ. ಮುಂದೆ ಕೂತವರು ಮೊದಲು ಏಳ್ರಿ, ಹೋಗಿ ನೀರು ಕುಡೀರಿ. ನೀರು ಇಲ್ಲದಿದ್ದರೆ, ಮೊಣಕೈ ಯಾರ ಚೀಲದಲ್ಲಿದೆ ಅಂತ ಕೇಳ್ರಿ.