ಪುಟ್ಟತಾಯಮ್ಮನ ಸೊಂಡಿಲು ಕಟ್ಟಿದ ಕಥೆ

ಬೆಟ್ಟದ ಬುಡದ ಒಂದು ಕಾಡಿನಲ್ಲಿ ಪುಟ್ಟತಾಯಮ್ಮ ಎಂಬ ಆನೆ ಇದ್ದಳು. ಹೆಸರಲ್ಲಿ ಮಾತ್ರ ಪುಟ್ಟ. ಅವಳು ಬರುತ್ತಿದ್ದಾಳೆ ಎಂದು ಕೆರೆಯ ನೀರೇ ಮೊದಲು ಅಲುಗಾಡಿ ಸುದ್ದಿ ಹೇಳುತ್ತಿತ್ತು. ಕೆರೆದಡದ ಅತ್ತಿಮರದ ಕೆಳಗೆ ಅವಳ ಜಾಗ. ಅಲ್ಲಿ ಬೆನ್ನ ಮೇಲೆ ಬೆಳ್ಳಕ್ಕಿಗಳನ್ನು ಕೂರಿಸಿಕೊಂಡು, ಕಿವಿ ಬೀಸಿಕೊಂಡು ನಿಂತು, ಹೋಗಿಬರುವವರನ್ನೆಲ್ಲ ಮಾತಾಡಿಸುತ್ತಿದ್ದಳು.

ಅದೇ ಮರದ ಬುಡದ ಪೊದೆಯಲ್ಲಿ ರಂಗವ್ವ ಎಂಬ ಗೌಜಲಕ್ಕಿ ಗೂಡು ಮಾಡಿಕೊಂಡಿದ್ದಳು. "ಆನೆ ಕಾಲ ಹತ್ರ ಮೊಟ್ಟೆ ಇಟ್ಟಿದೀಯಲ್ಲೇ" ಎಂದು ಯಾರಾದರೂ ಕೇಳಿದರೆ, "ಅವಳು ನೋಡ್ಕೊಂಡು ಕಾಲಿಡ್ತಾಳೆ. ಬೇರೆಯವರು ನೋಡ್ಕೊಂಡೇ ಬಾಯಿ ಇಡ್ತಾರೆ" ಎನ್ನುತ್ತಿದ್ದಳು.

ಬೇರೆಯವರು ಎಂದರೆ ನರಿ ಕೆಂಚಪ್ಪ. ಗೌಜಲಕ್ಕಿಯ ಮೊಟ್ಟೆಯೆಂದರೆ ಅವನಿಗೆ ಪ್ರಾಣ. ಆದರೆ ಅವನು ಎಷ್ಟು ಮೆಲ್ಲಗೆ ಬಂದರೂ ಪುಟ್ಟತಾಯಮ್ಮನ ಸೊಂಡಿಲು ವಾಸನೆ ಹಿಡಿದುಬಿಡುತ್ತಿತ್ತು. "ಏನು ಕೆಂಚಪ್ಪ, ಈ ಕಡೆ?" ಎಂದು ಅವಳು ಕೇಳುತ್ತಿದ್ದಳು. "ಸುಮ್ನೆ ಅಕ್ಕ, ತಿರುಗಾಡಕ್ಕೆ" ಎಂದು ಅವನು ಬಂದ ದಾರಿಯಲ್ಲೇ ತಿರುಗಾಡಿಕೊಂಡು ಹೋಗುತ್ತಿದ್ದ.

ಪುಟ್ಟತಾಯಮ್ಮನಿಗೆ ಇದ್ದದ್ದು ಒಂದೇ ಸಂಕಟ. ಪ್ರತಿ ವರ್ಷ ಮಳೆಗಾಲ ಮುಗಿದು ಬಿಸಿಲು ಬಿದ್ದ ಕೂಡಲೇ ಅವಳ ಮೂಗು ಕಟ್ಟುತ್ತಿತ್ತು. ನಮಗೆ ನಿಮಗೆ ಮೂಗು ಕಟ್ಟಿದರೆ ಎಷ್ಟುದ್ದ ಕಟ್ಟೀತು? ಅವಳಿಗೆ ಮಾರುದ್ದ ಕಟ್ಟುತ್ತಿತ್ತು. ಕಣ್ಣು ಕೆಂಪಾಗಿ ನೀರು ಸುರಿಯುತ್ತಿತ್ತು. ಹಣೆಯೊಳಗೆ ಯಾರೋ ರುಬ್ಬುವ ಕಲ್ಲು ಇಟ್ಟು ಹೋದ ಹಾಗೆ ಭಾರ. ಸೊಂಡಿಲಲ್ಲಿ ನೀರು ಎಳೆದುಕೊಳ್ಳಲು ಆಗುತ್ತಿರಲಿಲ್ಲ. ಎಮ್ಮೆಯ ಹಾಗೆ ಮೂತಿ ಮುಳುಗಿಸಿ ಕುಡಿಯಲು ಮಂಡಿಯೂರಬೇಕಿತ್ತು. ಎದ್ದು ನಿಲ್ಲುವಷ್ಟರಲ್ಲಿ ಮತ್ತೆ ಬಾಯಾರಿಕೆಯಾಗುತ್ತಿತ್ತು.

ಮಾತು ಕೂಡ ಕೆಡುತ್ತಿತ್ತು. "ಹೇಗಿದ್ದೀಯ ಪುಟ್ಟತಾಯಕ್ಕ?" ಎಂದು ಮೊಲ ಕೇಳಿದರೆ, "ಬೂಗು ಕಟ್ಟಿದೆ ಕಡಪ್ಪ. ದಿದ್ದೆಯಿಂದ ದಿದ್ದೆಯೇ ಇಲ್ಲ" ಎನ್ನುತ್ತಿದ್ದಳು. ನಿನ್ನೆಯಿಂದ ನಿದ್ದೆಯೇ ಇಲ್ಲ ಎಂದು ಹೇಳಿದ್ದು ಎಂದು ಮೊಲಕ್ಕೆ ತಿಳಿಯಲು ಸಂಜೆಯಾಗುತ್ತಿತ್ತು.

ಇನ್ನು ಸೀನು. ಅವಳು ಸೀನಿದರೆ ಅತ್ತಿಹಣ್ಣು ಪಟಪಟನೆ ಉದುರುತ್ತಿದ್ದವು. ಹಣ್ಣಿನ ಜೊತೆ ಒಂದೊಂದು ಸಲ ಗಿಳಿಯೂ ಉದುರುತ್ತಿತ್ತು. ಒಂಟಿ ಸೀನು ಅಪಶಕುನ ಎಂದು ಎಲ್ಲಿಗಾದರೂ ಹೊರಟವರು ಅಲ್ಲೇ ಕೂತುಬಿಡುತ್ತಿದ್ದರು. ಎರಡನೆಯ ಸೀನು ಬರುವ ತನಕ ಜಿಂಕೆಗಳು ದಾರಿಯಲ್ಲಿ, ಕಾಡುಹಂದಿಗಳು ಕೆಸರಲ್ಲಿ, ಮುಳ್ಳುಹಂದಿ ಯಾರದೋ ಕಾಲ ಮೇಲೆ ಕೂತು ಕಾಯುತ್ತಿದ್ದವು. ಆ ಕಾಲದಲ್ಲಿ ಆ ಕಾಡಿನಲ್ಲಿ ಯಾರೂ ಹೊತ್ತಿಗೆ ಸರಿಯಾಗಿ ಎಲ್ಲಿಗೂ ತಲುಪುತ್ತಿರಲಿಲ್ಲ.

ಎಲ್ಲರಿಗೂ ಅವಳ ಮೇಲೆ ಅಕ್ಕರೆಯೇ. ಅದಕ್ಕೇ ಎಲ್ಲರೂ ಮದ್ದು ಹೇಳುತ್ತಿದ್ದರು. ಕರಡಿ ಬೋರಯ್ಯ ಕಾಡುಮೆಣಸು ಜಗಿಯಲು ಹೇಳಿದ. ಜಗಿದಳು. ಆವತ್ತು ಉದುರಿದ ಗಿಳಿಗಳಿಗೆ ಲೆಕ್ಕವಿಲ್ಲ. ಕಾಡುಹಂದಿ ಹಣೆಗೆ ಹುತ್ತದ ಮಣ್ಣು ಹಚ್ಚಿತು. ಹುತ್ತದೊಳಗಿನ ಇರುವೆಗಳು ಕಿವಿಯೊಳಗೆ ಬಿಡಾರ ಹೂಡಿದವು. ಕಾಡಿನ ಹಿರಿಯ, ಮುಸುವ ಹನುಮಯ್ಯ, "ನನ್ನ ಹಾಗೆ ತಲೆಕೆಳಗಾಗಿ ಕೊಂಬೆಗೆ ನೇತಾಡು. ಎಲ್ಲ ಸೋರಿ ಹೋಗ್ತದೆ" ಎಂದ. ಪುಟ್ಟತಾಯಮ್ಮ ಕೊಂಬೆಯನ್ನು ನೋಡಿದಳು. ಕೊಂಬೆ ಹೆದರಿ ಸ್ವಲ್ಪ ಬಗ್ಗಿತು. "ಬೇಡ ಅಜ್ಜ" ಎಂದಳು.

ಇದನ್ನೆಲ್ಲ ಪೊದೆಯ ಮರೆಯಿಂದ ಕೆಂಚಪ್ಪ ನೋಡುತ್ತಿದ್ದ. ಅವನಿಗೆ ಒಂದು ವಿಷಯ ಹೊಳೆಯಿತು. ಮೂಗು ಕಟ್ಟಿದ ಆನೆಗೆ ವಾಸನೆ ಗೊತ್ತಾಗುವುದಿಲ್ಲ. ಕಣ್ಣು ಊದಿದ ಆನೆಗೆ ಸರಿಯಾಗಿ ಕಾಣುವುದೂ ಇಲ್ಲ. ಆದರೂ ಆನೆ ಆನೆಯೇ. ಗೂಡಿನ ಪಕ್ಕದಲ್ಲಿ ಅವಳು ನಿಂತಿರುವ ತನಕ ಕಾಲು ಯಾವಾಗ ಎಲ್ಲಿ ಬೀಳುವುದೋ ಹೇಳಲಾಗದು. ಅವಳನ್ನು ಅಲ್ಲಿಂದ ಎಬ್ಬಿಸಬೇಕು.

ಮರುದಿನ ಎಲ್ಲರೂ ನೀರಿಗೆ ಬಂದಾಗ ಕೆಂಚಪ್ಪ ಬಂಡೆ ಹತ್ತಿ ನಿಂತ. ಮುಖ ಸಪ್ಪಗೆ ಮಾಡಿಕೊಂಡಿದ್ದ.

"ಹೇಳಬಾರದು ಅಂತಿದ್ದೆ. ಪುಟ್ಟತಾಯಕ್ಕ ನಮ್ಮವಳೇ. ಆದರೆ ಈ ಸೀನು ಅಂಟುರೋಗ" ಎಂದ.

"ನಿನಗೆ ಹೇಗೆ ಗೊತ್ತು?" ಎಂದು ಹನುಮಯ್ಯ ಕೇಳಿದ.

"ನಮ್ಮ ಚಿಕ್ಕಪ್ಪನ ಕಾಡಲ್ಲಿ ಒಂದು ಕಾಟಿ ಹಿಂಗೇ ಸೀನಿತು ಅಜ್ಜ. ಮಾರನೇ ದಿನ ಕಾಟಿಗಳೆಲ್ಲ ಸೀನಿದವು. ಆಮೇಲೆ ಕಡವೆ, ಆಮೇಲೆ ಮೀನು. ಈಗ ಅಲ್ಲಿ ಮರಗಳೇ ಸೀನ್ತಾ ಇವೆ. ನೆರಳಲ್ಲಿ ಕೂರಕ್ಕೂ ಭಯ."

ಮೀನು ಸೀನಿದ್ದನ್ನು ಯಾರು ನೋಡಿದರು ಎಂದು ಯಾರೂ ಕೇಳಲಿಲ್ಲ. ಎಲ್ಲರೂ ತಮ್ಮ ತಮ್ಮ ಮೂಗು ಮುಟ್ಟಿ ನೋಡಿಕೊಳ್ಳುತ್ತಿದ್ದರು. ಬೋರಯ್ಯನಿಗೆ ಆಗಲೇ ಮೂಗು ತುರಿಸಿದ ಹಾಗಾಯಿತು. ಜಿಂಕೆಗಳು ಪುಟ್ಟತಾಯಮ್ಮನಿಂದ ಎರಡು ಹೆಜ್ಜೆ ದೂರ ಸರಿದವು.

"ಹಾಗಾದ್ರೆ ಏನು ಮಾಡೋಣ?" ಎಂದ ಹನುಮಯ್ಯ.

"ಸೀನಿದವರು ಕೆರೆಯಾಚೆ ಹುಲ್ಲುದಿಣ್ಣೆಗೆ ಹೋಗಲಿ. ಅಲ್ಲಿ ಯಾರೂ ಇಲ್ಲ, ಗಾಳಿಯೂ ಚೆನ್ನಾಗಿದೆ. ವಾಸಿಯಾದ ಮೇಲೆ ಬರಲಿ."

"ದಾದು ಯಾರಿಗೂ ಏದೂ ಬಾಡಿಲ್ಲ" ಎಂದಳು ಪುಟ್ಟತಾಯಮ್ಮ. ನಾನು ಯಾರಿಗೂ ಏನೂ ಮಾಡಿಲ್ಲ ಎಂದು ಅವಳು ಹೇಳಿದ್ದು. ಹೇಳಿ ಮುಗಿಸುವಷ್ಟರಲ್ಲಿ ಸೀನು ಬಂತು. ಎಲ್ಲರೂ ಮರದ ಹಿಂದೆ ಓಡಿದರು. ಇಷ್ಟು ವರ್ಷ ಜೊತೆಗಿದ್ದವರು ಹಾಗೆ ಓಡಿದ್ದನ್ನು ನೋಡಿ ಅವಳು ಕೆರೆ ಸುತ್ತಿಕೊಂಡು ನಿಧಾನವಾಗಿ ಆಚೆ ನಡೆದಳು. ಕಣ್ಣಲ್ಲಿ ಸುರಿಯುತ್ತಿದ್ದ ನೀರಲ್ಲಿ ಸೀನಿನದೆಷ್ಟು, ಅಳುವಿನದೆಷ್ಟು ಎಂದು ಯಾರಿಗೂ ಗೊತ್ತಾಗಲಿಲ್ಲ.

"ಅವಳು ಹೋದ್ರೆ ನನ್ನ ಗೂಡು ಯಾರು ನೋಡ್ಕೊಳ್ಳೋದು?" ಎಂದಳು ರಂಗವ್ವ.

"ನಾನಿದೀನಲ್ಲ, ರಂಗಕ್ಕ" ಎಂದ ಕೆಂಚಪ್ಪ.

ಹುಲ್ಲುದಿಣ್ಣೆಯಲ್ಲಿ ಹುಲ್ಲು ಆಳೆತ್ತರ ಬೆಳೆದಿತ್ತು. ತುದಿಯಲ್ಲೆಲ್ಲ ಹೂ. ಗಾಳಿ ಬೀಸಿದರೆ ಹಳದಿ ಹುಡಿ ಹೊಗೆಯ ಹಾಗೆ ಏಳುತ್ತಿತ್ತು. ಅಲ್ಲಿಗೆ ಹೋದ ಮೇಲೆ ಪುಟ್ಟತಾಯಮ್ಮನ ಪಾಡು ಯಾರಿಗೂ ಬೇಡ. ಮೊದಲು ಸೀನುಗಳ ನಡುವೆ ಉಸಿರಾಡಲು ಸ್ವಲ್ಪ ಪುರುಸೊತ್ತಾದರೂ ಸಿಗುತ್ತಿತ್ತು. ಈಗ ಅದೂ ಇಲ್ಲ. ಕಣ್ಣು ಊದಿ ಮುಚ್ಚಿಕೊಂಡವು. ಬಾಯಿ ತೆರೆದುಕೊಂಡು ಉಸಿರಾಡುತ್ತ, ತಲೆ ಜೋತುಹಾಕಿ ನಿಂತಳು.

ಈಚೆ ಕಡೆ ರಂಗವ್ವ ಮೇಯಲು ಹೋದಾಗಲೆಲ್ಲ ಗೂಡಿನಲ್ಲಿ ಒಂದು ಮೊಟ್ಟೆ ಕಡಿಮೆಯಾಗುತ್ತಿತ್ತು. "ಹಾವಿರಬೇಕು ಅಕ್ಕ. ನಾನು ಅತ್ತ ತಿರುಗಿದ್ದೆ, ಅಷ್ಟರಲ್ಲಿ" ಎಂದು ಕೆಂಚಪ್ಪ ತಲೆ ಬಗ್ಗಿಸುತ್ತಿದ್ದ. ಕದ್ದ ಮೊಟ್ಟೆಯನ್ನು ಹುಲ್ಲುದಿಣ್ಣೆಗೇ ಒಯ್ದು ತಿನ್ನುತ್ತಿದ್ದ. ಅಂಟುರೋಗದ ಭಯಕ್ಕೆ ಯಾರೂ ಅಲ್ಲಿ ಕಾಲಿಡುತ್ತಿರಲಿಲ್ಲ. ಅವನ ಧೈರ್ಯ ಎಷ್ಟೆಂದರೆ, ಪುಟ್ಟತಾಯಮ್ಮನ ಹಿಂಗಾಲಿನ ನೆರಳಲ್ಲೇ ಕೂತು ತಿನ್ನುತ್ತಿದ್ದ.

ಒಮ್ಮೆ ಚಿಪ್ಪು ಕಟುಮ್ ಎಂದಿತು.

"ಯಾರದು?" ಎಂದಳು ಪುಟ್ಟತಾಯಮ್ಮ.

"ಗಾಳಿ" ಎಂದ ಕೆಂಚಪ್ಪ.

"ಗಾಳಿ ಬಾತಾಡ್ತದಾ?"

"ಈ ದಿಣ್ಣೇಲಿ ಮಾತಾಡ್ತದೆ."

ತಲೆನೋವಿನಲ್ಲಿ ಅವಳಿಗೆ ವಾದ ಮಾಡುವ ಶಕ್ತಿ ಇರಲಿಲ್ಲ. ಇರಬಹುದು ಎಂದುಕೊಂಡಳು. ಗಾಳಿಗೆ ಮಾತ್ರ ಅಂದಿನಿಂದ ಮೂಗಿನ ತುದಿ ಯಾಕೋ ತುರಿಸತೊಡಗಿತು. ಮೊಟ್ಟೆಯ ರುಚಿಯಲ್ಲಿ ಅವನು ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ.

ಹೀಗಿರುವಾಗ ಒಂದು ದಿನ ಅಕಾಲದಲ್ಲಿ ಜೋರು ಮಳೆ ಬಂತು. ಹುಲ್ಲೆಲ್ಲ ನೆನೆದು ನೆಲಕ್ಕೆ ಬಾಗಿತು. ಹಳದಿ ಹುಡಿ ಕೊಚ್ಚಿಹೋಯಿತು. ಪುಟ್ಟತಾಯಮ್ಮ ಮಳೆಯಲ್ಲಿ ನೆನೆಯುತ್ತ ನಿಂತಿದ್ದಳು. ಸ್ವಲ್ಪ ಹೊತ್ತಿಗೆ ಅವಳ ಸೊಂಡಿಲಿನಲ್ಲಿ ಪುಸ್ ಎಂದು ಒಂದು ಸಣ್ಣ ದಾರಿ ಬಿಟ್ಟುಕೊಂಡಿತು. ಆಮೇಲೆ ದೊಡ್ಡ ದಾರಿ. ಕಣ್ಣು ಬಿಟ್ಟುಕೊಂಡವು. ಹಣೆಯ ಕಲ್ಲನ್ನು ಯಾರೋ ಎತ್ತಿಕೊಂಡು ಹೋದರು. ಅವಳು ಎಷ್ಟೋ ದಿನಗಳ ಮೇಲೆ ಒಂದು ಉಸಿರನ್ನು ಪೂರ್ತಿ ಎಳೆದುಕೊಂಡಳು.

ಆ ಉಸಿರಲ್ಲಿ ಒದ್ದೆ ಮಣ್ಣಿನ ವಾಸನೆ ಇತ್ತು. ಹುಲ್ಲಿನ ವಾಸನೆ ಇತ್ತು. ಅದರ ಕೆಳಗೆ ಗೌಜಲಕ್ಕಿ ಮೊಟ್ಟೆಯ ವಾಸನೆ, ಅದರ ಪಕ್ಕದಲ್ಲೇ ಕೆಂಚಪ್ಪನ ವಾಸನೆ. ಸೊಂಡಿಲಿನಿಂದ ಹುಲ್ಲು ಸರಿಸಿ ನೋಡಿದಳು. ಚಿಪ್ಪುಗಳ ಸಣ್ಣ ರಾಶಿ.

"ಇದೋ ಆ ಗಾಳಿ" ಎಂದುಕೊಂಡಳು.

ಮಳೆ ನಿಂತಿತು, ಬಿಸಿಲು ಬಂತು, ಹುಲ್ಲು ಒಣಗಿ ತಲೆಯೆತ್ತಿತು. ಗಾಳಿ ಬೀಸಿದ ಕೂಡಲೇ ಹುಡಿ ಎದ್ದಿತು. ಆ ಕೂಡಲೇ ಅವಳಿಗೆ ಸೀನು. ಅವಳು ಕೆರೆಗೆ ಇಳಿದು, ಕಷ್ಟಪಟ್ಟು ನೀರು ಎಳೆದು ಪಿಚಕಾರಿಯ ಹಾಗೆ ಹೊರಗೆ ಬಿಟ್ಟಳು. ಮತ್ತೆ ಎಳೆದಳು, ಮತ್ತೆ ಬಿಟ್ಟಳು. ಸೀನು ನಿಂತಿತು. ದಡ ಹತ್ತಿ ಹುಲ್ಲಿನ ಹತ್ತಿರ ಹೋದಳು, ಸೀನು. ನೀರಿಗೆ ಬಂದಳು, ಇಲ್ಲ. ಅವಳ ಬೆನ್ನ ಮೇಲಿನ ಬೆಳ್ಳಕ್ಕಿಗಳಿಗೆ ಈ ಓಡಾಟದಲ್ಲಿ ತಲೆ ತಿರುಗಿತು. ಆದರೆ ಒಂದೂ ಸೀನಲಿಲ್ಲ. ಆಗ ಪುಟ್ಟತಾಯಮ್ಮನಿಗೆ ಎಲ್ಲ ತಿಳಿಯಿತು.

ಅದೇ ಹೊತ್ತಿಗೆ ಈಚೆ ದಡದಲ್ಲಿ ರಂಗವ್ವ ಅಳುತ್ತಿದ್ದಳು. ಕೊನೆಯ ಮೊಟ್ಟೆಯೂ ಮಾಯವಾಗಿತ್ತು. ಹನುಮಯ್ಯ ಕೂಗು ಹಾಕಿ ಎಲ್ಲರನ್ನೂ ಕರೆದ. ಕೆಂಚಪ್ಪ ಆಗಷ್ಟೇ ಆ ಮೊಟ್ಟೆಯನ್ನು ಬಾಯಲ್ಲಿಟ್ಟುಕೊಂಡು ದಿಣ್ಣೆಯ ದಾರಿ ಹಿಡಿದಿದ್ದ. ಎದುರಿಗೆ ಬೋರಯ್ಯ ಸಿಕ್ಕಿ, "ಬಾ ಬಾ, ಸಭೆ ಇದೆ" ಎಂದು ಹೆಗಲ ಮೇಲೆ ಕೈ ಹಾಕಿ ಕರೆದುಕೊಂಡು ಬಂದ. ಉಗುಳುವಂತಿಲ್ಲ, ನುಂಗುವಂತಿಲ್ಲ. ಕೆಂಚಪ್ಪ ಮೊಟ್ಟೆಯನ್ನು ಕೆನ್ನೆಯೊಳಗೆ ಸರಿಸಿ ಗಂಭೀರವಾಗಿ ಕೂತ.

"ಕಾವಲಿದ್ದವನು ನೀನು. ಏನಂತೀಯಪ್ಪ?" ಎಂದ ಹನುಮಯ್ಯ.

ಕೆಂಚಪ್ಪ ಕಣ್ಣು ಮುಚ್ಚಿ ತಲೆಯಾಡಿಸಿದ. ಪಾಪ, ದುಃಖಕ್ಕೆ ಮಾತೇ ಹೊರಡುತ್ತಿಲ್ಲ ಎಂದು ಜಿಂಕೆಗಳು ಮಾತಾಡಿಕೊಂಡವು. "ಕೆನ್ನೆ ಬೇರೆ ಊದಿದೆ, ಹಲ್ಲುನೋವಿರಬೇಕು" ಎಂದ ಬೋರಯ್ಯ. ಅದಕ್ಕೂ ಒಂದು ಮದ್ದು ಹೇಳಿದ.

ಅಷ್ಟರಲ್ಲಿ ಕೆರೆಯ ನಡುವಿನಿಂದ ಪುಟ್ಟತಾಯಮ್ಮ ನಡೆದು ಬರುವುದು ಕಾಣಿಸಿತು. ಎಲ್ಲರೂ ಹಿಂದೆ ಸರಿದರು.

"ಹೆದರಬೇಡಿ, ಇಲ್ಲೇ ನಿಲ್ತೀನಿ" ಎಂದಳು. ಅವಳ ಮಾತು ಈಗ ನೆಟ್ಟಗಿತ್ತು. "ನನ್ನ ಸೀನು ಅಂಟುರೋಗ ಅಲ್ಲ. ಆ ಹುಲ್ಲಿನ ಹೂವಿನ ಹುಡಿ ನನ್ನ ಮೂಗಿಗೆ ಆಗಲ್ಲ, ಅಷ್ಟೇ. ಅಂಟುರೋಗ ಆಗಿದ್ರೆ ನನ್ನ ಬೆನ್ನ ಮೇಲೇ ಸಂಸಾರ ಮಾಡೋ ಈ ಬೆಳ್ಳಕ್ಕಿಗಳು ಸೀನಬೇಕಿತ್ತಲ್ಲ?"

ಬೆಳ್ಳಕ್ಕಿಗಳು ತಾವು ಸೀನಿಲ್ಲ ಎಂದು ತಲೆಯಾಡಿಸಿದವು. ಹನುಮಯ್ಯ ಬಾಲ ಕೆರೆದುಕೊಂಡ. ಅದನ್ನು ಮೊದಲೇ ಯೋಚಿಸಬೇಕಿತ್ತು ಎಂದು ಅವನಿಗೆ ನಾಚಿಕೆಯಾಯಿತು.

"ಇನ್ನೊಂದು ವಿಷಯ. ದಿಣ್ಣೆ ತುಂಬ ಮೊಟ್ಟೆಚಿಪ್ಪು ಬಿದ್ದಿದೆ. ಯಾರು ತಿಂದದ್ದು ಅಂತ ಕೆಂಚಪ್ಪನೇ ಹೇಳಲಿ" ಎಂದಳು ಪುಟ್ಟತಾಯಮ್ಮ.

ಎಲ್ಲರೂ ಕೆಂಚಪ್ಪನ ಕಡೆ ತಿರುಗಿದರು. ಆದರೆ ಕೆಂಚಪ್ಪನಿಗೆ ಅವರಾರ ಪರಿವೆಯೂ ಇರಲಿಲ್ಲ. ಅವನ ಮೂಗಿನೊಳಗೆ ಏನೋ ಶುರುವಾಗಿತ್ತು. ಇಷ್ಟು ದಿನ ದಿಣ್ಣೆಯಲ್ಲಿ ಕೂತು ಕೂತು ಮೈಯ ತುಪ್ಪಳದಲ್ಲೆಲ್ಲ ಹಳದಿ ಹುಡಿ ತುಂಬಿಕೊಂಡಿತ್ತು. ಮೊದಲು ತುರಿಕೆ. ಆಮೇಲೆ ಕಚಗುಳಿ. ಅವನು ಮೂಗು ಒತ್ತಿ ಹಿಡಿದ. ಉಸಿರು ಬಿಗಿಹಿಡಿದ. ಕಣ್ಣು ಗುಂಡಗಾದವು. ಕಿವಿ ನೆಟ್ಟಗಾದವು. ಬಾಲ ತಾನಾಗಿಯೇ ಮೇಲೆದ್ದಿತು.

"ಏನೋ ಹೇಳಕ್ಕೆ ಹೊರಟಿದಾನೆ" ಎಂದ ಬೋರಯ್ಯ.

ಆ... ಆ... ಆಕ್ಷೀ.

ಕೆಂಚಪ್ಪನ ಬಾಯಿಂದ ಮೊಟ್ಟೆ ಬಾಣದ ಹಾಗೆ ಹೊರಟಿತು. ಜಿಂಕೆಗಳ ಕೊಂಬಿನ ನಡುವೆ ಹಾದು, ಮುಳ್ಳುಹಂದಿಯನ್ನು ಸ್ವಲ್ಪದರಲ್ಲಿ ತಪ್ಪಿಸಿಕೊಂಡು, ನೇರ ಹನುಮಯ್ಯನ ಕಡೆ ಬಂತು. ಎಷ್ಟೆಂದರೂ ಮುಸುವ. ಒಂದೇ ಕೈಯಲ್ಲಿ ಹಿಡಿದ. ಮೊಟ್ಟೆ ಒಡೆದಿರಲಿಲ್ಲ. ಸ್ವಲ್ಪ ಅಂಟು ಅಂಟಾಗಿತ್ತು, ಅಷ್ಟೇ.

"ಅದು ನಂದು" ಎಂದಳು ರಂಗವ್ವ.

ಕೆಂಚಪ್ಪ ಮೂಗು ಒರೆಸಿಕೊಂಡ. "ಅದು... ದಾದು... ಬೊಟ್ಟೆದ ಕಾಪಾಡ್ತಾ ಇದ್ದೆ" ಎಂದ.

ಬೋರಯ್ಯ ಎದ್ದು ನಿಂತ. ಕಾಡುಹಂದಿಗಳೂ ಎದ್ದವು. "ಸೀನಿದವರು ದಿಣ್ಣೆಗೆ ಹೋಗಬೇಕು ಅಂತ ನೀನೇ ತಾನೇ ಹೇಳಿದ್ದು? ನಡಿ ಮತ್ತೆ" ಎಂದವು.

"ಸೀನಿದ್ದಕ್ಕೆ ಯಾರನ್ನೂ ಎಲ್ಲಿಗೂ ಕಳಿಸಬೇಡಿ. ಕದ್ದದ್ದಕ್ಕೆ ಏನು ಬೇಕಾದರೂ ಮಾಡಿ" ಎಂದಳು ಪುಟ್ಟತಾಯಮ್ಮ.

ಅವರು ಏನು ಮಾಡುತ್ತಾರೆಂದು ನೋಡಲು ಕೆಂಚಪ್ಪ ಕಾಯಲಿಲ್ಲ. ಓಟ ಕಿತ್ತ. ಬೋರಯ್ಯನ ಒಂದು ಏಟು ಮಾತ್ರ ಬೆನ್ನಿಗೆ ಬಿತ್ತು.

ಪುಟ್ಟತಾಯಮ್ಮ ಅತ್ತಿಮರದ ಕೆಳಗೆ ವಾಪಸು ಬಂದಳು. ಜಿಂಕೆಗಳು ಒಂದೊಂದಾಗಿ ಬಂದು ಪಕ್ಕದಲ್ಲಿ ನಿಂತವು. ಹನುಮಯ್ಯ, "ತಪ್ಪಾಯ್ತು ಕಣವ್ವ. ಕೇಳದೆ ಕಳಿಸಿಬಿಟ್ಟೆ" ಎಂದ. "ಹೋಗಲಿ ಬಿಡಿ ಅಜ್ಜ. ಇನ್ನೊಂದು ಸಲ ಮೀನು ಸೀನಿತು ಅಂದ್ರೆ ನಂಬಬೇಡಿ" ಎಂದಳು.

ಅವಳ ಸೀನು ಪೂರ್ತಿ ಹೋಗಲಿಲ್ಲ. ಹುಲ್ಲು ಹೂ ಬಿಡುವ ಕಾಲದಲ್ಲಿ ಗಾಳಿ ದಿಣ್ಣೆಯ ಕಡೆಯಿಂದ ಬೀಸಿದರೆ ಕೆರೆಯಲ್ಲಿ ನಿಲ್ಲುತ್ತಿದ್ದಳು. ಬೆಳಿಗ್ಗೆ ಸಂಜೆ ಸೊಂಡಿಲು ತೊಳೆಯುತ್ತಿದ್ದಳು. ಗಾಳಿ ಯಾವ ಕಡೆಯಿಂದ ಎಂದು ಗಿಳಿಗಳು ಮೊದಲೇ ಹೇಳುತ್ತಿದ್ದವು. ಉದುರುವುದು ಅವಕ್ಕೂ ಬೇಸರವಾಗಿತ್ತು.

ಕೆಂಚಪ್ಪನ ಕಷ್ಟ ಆಗ ಶುರುವಾಯಿತು. ಯಾವ ಗೂಡಿನ ಹತ್ತಿರ ಹೋದರೂ, ಇನ್ನೇನು ಬಾಯಿ ಹಾಕಬೇಕು ಎನ್ನುವಾಗ ಸೀನು ಬರುತ್ತಿತ್ತು. ಹಕ್ಕಿಗಳು ಎದ್ದು ಅವನ ನೆತ್ತಿ ಕುಕ್ಕುತ್ತಿದ್ದವು. ಬೋರೆಹಣ್ಣು ತಿಂದು ತಿಂದು ಅವನು ಸೊರಗಿದ. ಕಣ್ಣು ಊದಿ, ಹಣೆ ಭಾರವಾಗಿ, ಒಂದು ಮಧ್ಯಾಹ್ನ ಅತ್ತಿಮರದ ಹತ್ತಿರ ಬಂದು ನಿಂತ.

"ಪುಟ್ಟತಾಯಕ್ಕ, ತಲೆ ಸಿಡೀತಿದೆ. ಬೂಗು ಕಟ್ಟಿದೆ" ಎಂದ.

ಪುಟ್ಟತಾಯಮ್ಮ ಅವನನ್ನು ನೋಡಿದಳು. ಆ ನೋವು ಎಂಥದು ಎಂದು ಅವಳಿಗೆ ಗೊತ್ತಿತ್ತು. "ಇನ್ನು ಮೇಲೆ ರಂಗವ್ವನ ಗೂಡಿಗೆ ಬಾಯಿ ಹಾಕಲ್ಲ ಅಂತ ಮಾತು ಕೊಡು" ಎಂದಳು.

"ಕೊಟ್ಟೆ ಅಕ್ಕ. ಆಡೆ." ಆಣೆ ಎಂದು ಅವನು ಹೇಳಿದ್ದು.

"ಹಾಗಾದ್ರೆ ಮೂಗು ಎತ್ತು."

ಅವಳು ಸೊಂಡಿಲು ತುಂಬ ನೀರು ಎಳೆದುಕೊಂಡು ಅವನ ಮೂಗಿಗೆ ಗುರಿಯಿಟ್ಟು ಬಿಟ್ಟಳು. ನರಿಯ ಮೂಗಿಗೆ ಬೊಗಸೆ ನೀರು ಸಾಕಿತ್ತು. ಅವಳು ಬಿಟ್ಟದ್ದು ಕೊಡಗಟ್ಟಲೆ. ಕೆಂಚಪ್ಪ ಪಲ್ಟಿ ಹೊಡೆಯುತ್ತ ಹೋಗಿ ಕೆರೆಯ ನಡುವೆ ಬಿದ್ದ. ಮುಳುಗಿ, ಎದ್ದು, ಕೆಮ್ಮಿ, ಒಂದು ಉಸಿರನ್ನು ಪೂರ್ತಿ ಎಳೆದುಕೊಂಡ.

"ಮೂಗು ಬಿಟ್ಟಿತು" ಎಂದ. ಅವನ ಕಣ್ಣಲ್ಲಿ ನೀರು ಬಂದಿತ್ತು.

"ನಾಳೆ ಬಾ, ಇನ್ನೊಂದು ಸಲ ತೊಳೀತೀನಿ" ಎಂದಳು ಪುಟ್ಟತಾಯಮ್ಮ.

ರಂಗವ್ವ ಪೊದೆಯಿಂದ ತಲೆ ಹೊರಗೆ ಹಾಕಿ, "ನಾಳೆ ಇನ್ನೂ ಸ್ವಲ್ಪ ಜಾಸ್ತಿ ನೀರು ಹಾಕವ್ವ" ಎಂದಳು.

ನೀತಿ: ಇನ್ನೊಬ್ಬರ ಕಾಯಿಲೆಯನ್ನು ತನ್ನ ಲಾಭಕ್ಕೆ ಬಳಸಿಕೊಳ್ಳುವವನು ತಾನೇ ಸಿಕ್ಕಿಬೀಳುತ್ತಾನೆ. ಕಾಯಿಲೆ ಬಂದವರನ್ನು ದೂರ ತಳ್ಳುವ ಮೊದಲು ಕಾರಣ ಏನೆಂದು ಕೇಳಿ ತಿಳಿಯಬೇಕು.