ಹುಲಿಗೆವ್ವ ಹಾಕಿದ ಬೇವು

ಬಾಳ ಹಿಂದಿನ ಮಾತು ಕೇಳ್ರಪಾ. ಒಂದು ಊರಾಗ ಒಂದು ದೊಡ್ಡ ಪಾಠಶಾಲಿ ಇತ್ತಂತ. ಸುತ್ತ ಸೀಮಿ ಹುಡುಗರು ಅಲ್ಲೇ ಇದ್ದು ಓದತಿದ್ರಂತ. ಗ್ವಾಡಿ ಕಲ್ಲು, ಅಂಗಳ ಕಲ್ಲು, ಹಸರು ಅನ್ನೂದು ಹುಡುಕಿದ್ರೂ ಸಿಗತಿರಲಿಲ್ಲಂತ. ಹೊಸದಾಗಿ ಬಂದ ಹುಡುಗರಿಗೆ ಉಂಡದ್ದು ಮೈಗೆ ಹತ್ತತಿರಲಿಲ್ಲ, ಓದಿದ್ದು ತಲಿಗೆ ಹತ್ತತಿರಲಿಲ್ಲ. ಕಂಬ ಹಿಡಕೊಂಡು ಅಳತಿದ್ರಂತ.

ಅಲ್ಲಿ ಕಸಾ ಮುಸರಿ ಮಾಡಾಕ ಹುಲಿಗೆವ್ವ ಅಂತ ಒಬ್ಬಾಕಿ ಇದ್ಲು. ಒಂದಕ್ಷರ ಬರತಿರಲಿಲ್ಲ. ಅಳೂ ಹುಡುಗನ್ನ ಕರದು, ನಿಮ್ಮೂರಿಗೆ ಹೋದಾಗ ಒಂದು ಬೀಜಾ ತಾರಪಾ ಅನ್ನಾಕಿ. ಅದನ್ನ ಶಾಲಿ ಹಿತ್ತಲದಾಗ ಅವನ ಕೈಲೇ ಹಾಕಸಾಕಿ. ದಿನಾ ಉಂಡ ಗಂಗಾಳ ತೊಳದ ನೀರು ತನ್ನ ಗಿಡಕ್ಕ ತಾನ ಹಾಕಬೇಕು, ಇಷ್ಟ ಆಕಿ ಕಟ್ಟಳಿ. ಹುಣಸಿ ಬಂತು, ಹೊಂಗಿ ಬಂತು, ಅತ್ತಿ ಬಂತು. ಹುಡುಗರು ಗಿಡದ ಕೂಡ ಮಾತಾಡಿ ಹಗುರಾಗಿ ಬರತಿದ್ರಂತ. ನಲವತ್ತು ವರ್ಷದಾಗ ಅದು ತ್ವಾಟ ಆತು. ಕೆಲವರು ನಲವತ್ತ ದಿನದಾಗ ಅಂತಾರ, ಹೇಳವ್ರ ಬಾಯಿ ಯಾರು ಹಿಡೀಬೇಕು!

ಆ ಶಾಲಿ ಹಿರೇ ಗುರು ಚೆನ್ನವೀರಯ್ಯ. ನಮ್ಮ ಮನಿತನದ ಹಿರಿಯ ಅಂವ, ಆದ್ರೂ ಮುಚ್ಚಿಡದ ಹೇಳತೀನಿ, ಅವಗ ಹೊಟ್ಟಿಕಿಚ್ಚು ಹತ್ತಿತು. ಗಂಟಲಾ ಹರಕೊಂಡು ಕಲಿಸಾಂವ ಇಂವ, ಹೆಸರು ಮುಸರಿ ತಿಕ್ಕಾಕಿಗೆ! ಓದು ಮುಗಿಸಿ ಹೊಂಟ ಹುಡುಗರು ಮೊದಲ ಆಕಿ ಕಾಲಿಗೆ ಬೀಳತಿದ್ರಂತ, ಆಮ್ಯಾಲ ಇವನ ಕಾಲಿಗೆ. ಯಾರಿಗಿದ್ರೂ ಉರೀತದ. ಒಂದು ಬ್ಯಾಸಗಿ ಗುರು, ಇನ್ನ ಮ್ಯಾಲ ಎಲ್ಲರೂ ಶಾಲಿ ಮುಂದಿನ ಬಾವಿ ಕಟ್ಟಿ ಮ್ಯಾಗ ಗಂಗಾಳ ತೊಳೀಬೇಕು, ಹುಡುಗರು ಹಿತ್ತಲಕ್ಕ ಕಾಲಿಡಬಾರದು ಅಂತ ಕಟ್ಟಪ್ಪಣಿ ಮಾಡಿದ.

ಸಸಿ ಬಾಡಿದವಂತ. ಹುಡುಗರೂ ಬಾಡಿದ್ರಂತ. ಗವಿಸಿದ್ದ ಅಂತ ಬಾಳ ಜಾಣ ಹುಡುಗ, ಗುರುವಿನ ಜೀವಾನ ಅಂವ, ತನ್ನ ಸಸಿ ಬಾಡಿದ ದಿನದಿಂದ ಮಾತು ಬಿಟ್ಟ, ಅನ್ನ ಬಿಟ್ಟ, ಗ್ವಾಡಿ ಕಡೆ ಮುಖ ಮಾಡಿ ಮಲಗಿಬಿಟ್ಟ. ಗುರು ಬೈದ, ರಮಿಸಿದ, ಮಗ್ಗಲದಾಗ ಕುಂತು ಪಾಠ ಹೇಳಿದ. ಹುಡುಗ ಹೊಳ್ಳಿ ನೋಡಲಿಲ್ಲ. ಹುಡುಗ ಕೈಬಿಟ್ಟು ಹೊಂಟ ಅನ್ನೂದು ಗುರುವಿಗೆ ತಿಳೀತು. ಮರುದಿನ ಉಂಡ ಮ್ಯಾಲ ತನ್ನ ಗಂಗಾಳದ ನೀರು ತಾನ ಹಿಡಕೊಂಡು, ಅವನ ಸಸಿಗೆ ಹಾಕಾಕ ಹಿತ್ತಲಕ್ಕ ಹ್ವಾದ.

ನಟ್ಟನಡುವ ಒಂದು ಮುದಿ ಬೇವಿನ ಗಿಡ. ಹುಲಿಗೆವ್ವ ತಾ ಕುಡಿಯೂ ನೀರು ಅದರ ಬುಡಕ್ಕ ಹಾಕಾಕತ್ತಿದ್ಲಂತ. ಸಸಿ ಸಾಯಾಕತ್ತಾವು, ಇದ್ಯಾವನ ಗಿಡಾ ಅಂತ ಇದಕ್ಕ ಹಾಕತಿ ಅಂತ ಗುರು ಸಿಟ್ಟಿಲೆ ಕೇಳಿದ.

"ನಿಮ್ಮದ ರೀ ಅಯ್ಯಾರ" ಅಂದ್ಲಂತ ಆಕಿ. "ನೀವು ಸಣ್ಣವರಿದ್ದಾಗ ಇದ ಶಾಲಿಗೆ ಬಂದ್ರಿ. ಎಲ್ಲಾರೂ ಅತ್ರು, ನೀವು ಅಳಲಿಲ್ಲ. ನನಗ ಅಂಜಿಕಿ ಆತು. ಅದಕ್ಕ ನಿಮ್ಮ ಹೆಸರಿಲೆ ಇದನ್ನ ನಾನ ಹಾಕೀನಿ. ಇದ ಮೊದಲನೇ ಗಿಡಾ. ಅವತ್ತಿಂದ ನಿಮ್ಮ ಪಾಲಿನ ನೀರು ನಾನ ಹಾಕತೀನಿ."

ಗುರು ಆ ಬೇವಿನ ಕೆಳಗ ಕುಂತು ಹುಡುಗರಂಗ ಅತ್ತನಂತ. ಆಮ್ಯಾಲ ತನ್ನ ಕಟ್ಟಪ್ಪಣಿ ತಾನ ಮುರದು, ಗವಿಸಿದ್ದನ್ನ ಕೈಹಿಡದು ಕರಕೊಂಡು ಬಂದ, ಇಬ್ಬರೂ ಕೂಡಿ ಸಸಿಗೆ ನೀರು ಹಾಕಿದ್ರು. ಸಸಿ ಚಿಗತ ದಿನ ಹುಡುಗ ರೊಟ್ಟಿ ಕೇಳಿದನಂತ.

ಈಗ ಅಲ್ಲಿ ದೊಡ್ಡ ಕಾಲೇಜ ಆಗೇತಿ. ಹಾಸ್ಟೆಲಿಗೆ ಬರೂ ಹುಡುಗ ಹುಡುಗೇರು ಇವತ್ತಿಗೂ ತಮ್ಮೂರ ಬೀಜಾ ತರತಾರ, ತಾಟು ತೊಳದ ನೀರು ಹಾಕತಾರ. ಹುಲಿಗೆವ್ವನ ತ್ವಾಟ ಅಂತಾರ. ನಮ್ಮ ಹಿರಿಯನ ಹೆಸರು ಒಬ್ಬರೂ ಎತ್ತಂಗಿಲ್ಲ. ಇಷ್ಟು ವಯಸ್ಸಾದ್ರೂ ನನಗ ಹೊಟ್ಟಿ ಉರೀತೈತಿ, ಸುಳ್ಳ ಯಾಕ ಹೇಳಲಿ? ಅಮಾಸಿಗೊಮ್ಮೆ ನಾನೂ ಹೋಗಿ ಸಸಿಗೆ ನೀರು ಹಾಕತೀನಿ. ಯಾರೂ ನೋಡದಾಗ ಆ ಬೇವಿಗೆ ಒಂದು ತಂಬಗಿ ಹೆಚ್ಚ ಹಾಕಿ ಬರತೀನಿ. ಅದು ನಮ್ಮದು.